ಅರಿತುದನ್ನು ಅರುಹಿದ ವಿಜ್ಞಾನಿ: ಸರ್ ಚಂದ್ರಶೇಖರ ವೆಂಕಟ ರಾಮನ್

ವಿದ್ಯೆಯು ನಾಲ್ಕು ದಶೆಗಳನ್ನು ದಾಟಿದ ಮೇಲೆಯೇ ಪೂರ್ಣವಾಗುತ್ತದೆಂದು ನಮ್ಮ ಪೂರ್ವಿಕ ವಿದ್ವಾಂಸರು ಬಗೆದಿದ್ದರು. ಗುರುಮುಖದಿಂದ ಓದಿಕೊಳ್ಳುವುದು ಮೊದಲನೆಯದು. ಓದಿದುದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ಎರಡನೆಯದು. ಅರಿತಂತೆ ನಡೆಯುವುದು ಮೂರನೆಯದು. ಅರಿತುದನ್ನು ಇತರರಿಗೆ ತಿಳಿಯಹೇಳಿ ಲೋಕದಲ್ಲಿ ಹರಡುವುದು ನಾಲ್ಕನೆಯದು. ಈ ಲೇಖಕನು ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಗುರುಗಳು ಪಾಠ ಮುಗಿಸಿದೊಡನೆ ಶಿಷ್ಯರಲ್ಲೊಬ್ಬನು ಎದ್ದುನಿಂತು ಅದೇ ಪಾಠವನ್ನು ತನ್ನ ಮಾತಿನಲ್ಲಿ ಉಳಿದವರಿಗೆ ಹೇಳಬೇಕಾಗಿತ್ತು. ಕೇಳುವಾಗ ಸುಲಭವೆಂದು ತೋರಿದ್ದು ಹೇಳುವಾಗ ಕಠಿನವಾಗುತ್ತಿತ್ತು. ತಡವರಿಸಿದ ಸ್ಥಳದಲ್ಲಿಯೇ ನಮ್ಮ ತಿಳಿವಳಿಕೆಯ ಕೊರತೆ ಇರುವುದೆಂಬುದನ್ನು ಗುರುಗಳು ನಗುತ್ತಲೇ ತೋರಿಸಿಕೊಡುತ್ತಿದ್ದರು.

ಶಾಸ್ತ್ರಪಾಠಕ್ಕೆ ಅನ್ವಯಿಸುವ ಈ ಮಾತು ಆಧುನಿಕ ವಿಜ್ಞಾನಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿ ಹೋಗಿ ದೂರದ ಪಟ್ಟಣದ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಜಾತ್ರೆಗೆಂದು ಊರಿಗೆ ಬಂದವನು ನನ್ನನ್ನು ಕಾಣಲು ಬಂದಿದ್ದನು. ಮುಖದಲ್ಲಿ ಗೆಲುವಿರಲಿಲ್ಲ. ತಾನು ಎರಡು ವರ್ಷ ಶ್ರಮಿಸಿ ಕಂಡುಕೊಂಡ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಅಂಜಿ, ಸಭೆಯಲ್ಲಿ ಹೇಳಲು ನಾಚಿ, ಇನ್ನೂ ಚೆನ್ನಾಗಿ ಆಗಲೆಂದು ಮುಂದೂಡುತ್ತ ಹೋದುದಾಗಿಯೂ, ಅಷ್ಟರಲ್ಲಿ ಬೇರೊಬ್ಬರು ಅದನ್ನೇ ಕಂಡು ಅಚ್ಚುಹಾಕಿಸಿಬಿಟ್ಟುದಾಗಿಯೂ ಹೇಳಿಕೊಂಡನು. ಓದಿನಲ್ಲಿ ಅವನು ನಮ್ಮ ಶಾಲೆಯ ಮೊದಲ ಸಾಲಿನವನು. ಓದಲು, ಬರೆಯಲು, ಲೆಕ್ಕ ಮಾಡಲು ಕಲಿಸಿದ ನಾವು, ಎದ್ದುನಿಂತು ಹೇಳಲು ಅವನಿಗೆ ಕಲಿಸಿರಲಿಲ್ಲವೆಂಬ ನೋವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಸ್ಮರಣ ಸಂಚಿಕೆಗಾಗಿ ಯಾರ ಚರಿತ್ರೆಯನ್ನು ಬರೆಯಲೆಂದು ಯೋಚಿಸಿದಾಗ, ಅರಿಯುವುದರಲ್ಲಿಯೂ ಅರುಹುವುದರಲ್ಲಿಯೂ ಸಮಾನವಾಗಿ ನಿಷ್ಣಾತರಾಗಿದ್ದ ಸರ್ ಸಿ. ವಿ. ರಾಮನ್ನರ ನೆನಪಾದುದು ಈ ಕಾರಣದಿಂದ. ಅವರ ಜೀವನದ ಅತ್ಯಂತ ಮಹತ್ತ್ವದ ಉಪನ್ಯಾಸವು ನಡೆದುದು ನಮ್ಮ ಕನ್ನಡ ನೆಲದಲ್ಲಿ. ಬಾಳಿನ ಕೊನೆಯ ಮೂವತ್ತೇಳು ವರ್ಷಗಳನ್ನು ಅವರು ಕಳೆದುದೂ ಇಲ್ಲಿಯೇ.

ರಾಮನ್ನರು ೧೮೮೮ನೆಯ ಇಸವಿ ನವೆಂಬರ್ ೭ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳರು. ಮಗುವಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತು ಕುಟುಂಬವು ಅಲ್ಲಿಗೆ ಹೋಯಿತು. ಮನೆಯ ಮಾತು ತಮಿಳು, ಬೀದಿಯ ಮಾತು ತೆಲುಗು, ಶಾಲೆಯ ಮಾತು ಇಂಗ್ಲಿಷು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ನಾಲಗೆಗಳ ನಡುವೆ ಬೆಳೆಯುವ ನಿಪ್ಪಾಣಿ, ಕಾಗವಾಡಗಳ ನಮ್ಮ ಮಕ್ಕಳ ಸ್ಥಿತಿಗೂ ಇದಕ್ಕೂ ಬಹಳ ಅಂತರವಿಲ್ಲ. ಅನೇಕ ಭಾಷೆಗಳ ನಡುವೆ ಹುಟ್ಟುವುದು ನಾಲಗೆಗೆ ತೊಡಕೆಂದು ನೊಂದುಕೊಳ್ಳುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ತಂದೆಗೆ ಪಿಟೀಲು ನುಡಿಸುವ ಅಭ್ಯಾಸವಿತ್ತು. ಮನೆಯಲ್ಲಿ ಒಳ್ಳೆಯ ಪುಸ್ತಕಗಳ ಸಂಗ್ರಹವಿತ್ತು. ತಮ್ಮ ಮನಸ್ಸನ್ನು ರೂಪಿಸಿದ ಗ್ರಂಥಗಳೆಂದು ರಾಮನ್ನರು ಮುಂದೆ ಮೂರನ್ನು ಹೆಸರಿಸುತ್ತಿದ್ದರು. ಎಡ್ವಿನ್ ಆರ್ನಾಲ್ಡರು ಬುದ್ಧನ ಚರಿತೆಯನ್ನು ಕುರಿತು ಬರೆದ ಇಂಗ್ಲಿಷ್ ಕಾವ್ಯ ಒಂದು, ಯೂಕ್ಲಿಡನ ರೇಖಾಗಣಿತ ಮತ್ತೊಂದು, ನಾದದ ಸ್ವರೂಪವನ್ನು ಕುರಿತ ಹೆಲ್ಮ್‌ಹೋಲ್ಟ್ಸರ ಗ್ರಂಥ ಮೂರನೆಯದು. ಒಂದು ಭಾವವನ್ನು ಕಲಿಸಿತು, ಒಂದು ಕ್ರಮವನ್ನು ಕಲಿಸಿತು, ಮತ್ತೊಂದು ಪ್ರಕೃತಿಯನ್ನು ಕಿವಿಗೊಟ್ಟು ಕೇಳುವುದನ್ನು ಕಲಿಸಿತು. ವಿಜ್ಞಾನಿಯಾಗುವವನಿಗೆ ಕಾವ್ಯವೇಕೆ, ಭಾಷೆಯೇಕೆ ಎಂದು ಕೇಳುವವರು ಈ ಪಟ್ಟಿಯಲ್ಲಿ ಕಾವ್ಯಕ್ಕೂ ಒಂದು ಸ್ಥಾನವಿರುವುದನ್ನು ನೋಡಬಹುದು.

ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಈ ಬಾಲಕನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ ೧೯೦೪ರಲ್ಲಿ ಬಿ.ಎ. ಪದವಿಯನ್ನು ಪ್ರಥಮಸ್ಥಾನದಲ್ಲಿ ಪಡೆದನು. ಆಗ ದೊರೆತ ಚಿನ್ನದ ಪದಕಗಳು ಎರಡು. ಒಂದು ಭೌತಶಾಸ್ತ್ರಕ್ಕೆ, ಇನ್ನೊಂದು ಇಂಗ್ಲಿಷಿಗೆ. ಈ ಎರಡನೆಯ ಪದಕವನ್ನು ಅವರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ. ಮೊದಲ ಪದಕವು ತಂದುಕೊಟ್ಟ ಫಲವನ್ನು ಲೋಕಕ್ಕೆ ಮುಟ್ಟಿಸಿದುದು ಎರಡನೆಯ ಪದಕದ ವಿದ್ಯೆಯೆಂದು ಭಾಷಾಧ್ಯಾಪಕನಾದ ನಾನು ಹೇಳಿದರೆ ಅದು ಕೇವಲ ಸ್ವಪಕ್ಷಪಾತವಾಗಲಾರದು.

ವಿದ್ಯಾರ್ಥಿದಶೆಯಲ್ಲಿಯೇ ಅವರು ಆಯಾಕಾರದ ರಂಧ್ರದ ಮೂಲಕ ಓರೆಯಾಗಿ ಹಾಯುವ ಬೆಳಕು ಬಾಗಿ ಮೂಡಿಸುವ ಪಟ್ಟೆಗಳನ್ನು ಕುರಿತು ಸ್ವತಂತ್ರವಾಗಿ ಒಂದು ಪ್ರಯೋಗವನ್ನು ನಡೆಸಿದರು. ಫಲಿತಾಂಶವನ್ನು ಲೇಖನವಾಗಿ ಬರೆದು ತಮ್ಮ ಪ್ರಾಧ್ಯಾಪಕರ ಅಭಿಪ್ರಾಯಕ್ಕಾಗಿ ಒಪ್ಪಿಸಿದರು. ತಿಂಗಳುಗಳು ಕಳೆದರೂ ಅಭಿಪ್ರಾಯವು ಬರಲಿಲ್ಲ. ಇನ್ನೂ ಹದಿನೆಂಟು ತುಂಬದ ಹುಡುಗನು ಅದನ್ನು ನೇರವಾಗಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಗೆ ಕಳುಹಿಸಿದನು. ೧೯೦೬ರ ನವೆಂಬರ್ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಇದನ್ನು ಕಂಡು ಇಂಗ್ಲೆಂಡಿನ ಮಹಾವಿಜ್ಞಾನಿ ಲಾರ್ಡ್ ರೇಲೆಯವರು ಬರೆದ ಕಾಗದದಲ್ಲಿ ಈ ವಿದ್ಯಾರ್ಥಿಯನ್ನು ಪ್ರೊಫೆಸರ್ ಎಂದೇ ಸಂಬೋಧಿಸಿದ್ದರೆಂದು ಹೇಳುತ್ತಾರೆ. ಬರೆಹವು ವಯಸ್ಸನ್ನು ಮರೆಸಿತು. ಮದರಾಸಿನ ಹುಡುಗನು ಸಮುದ್ರದಾಚೆಯ ವಿದ್ವತ್ಸಭೆಯನ್ನು ಪ್ರವೇಶಿಸಿದುದು ಹಡಗಿನಲ್ಲಿ ಕುಳಿತಲ್ಲ, ಅಂಚೆಯ ಲಕೋಟೆಯಲ್ಲಿ ಕುಳಿತು.

ಆದರೆ ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ನಂಬಿ ಬದುಕುವ ಅನುಕೂಲವಿರಲಿಲ್ಲ. ೧೯೦೭ರಲ್ಲಿ ರಾಮನ್ನರು ಎಂ.ಎ. ಪದವಿಯನ್ನು ಪಡೆದರು, ಹಣಕಾಸಿನ ಇಲಾಖೆಯ ಸ್ಪರ್ಧಾಪರೀಕ್ಷೆಯಲ್ಲಿ ಮೊದಲಿಗರಾಗಿ ಉತ್ತೀರ್ಣರಾದರು, ಲೋಕಸುಂದರಿ ಅಮ್ಮಾಳರನ್ನು ಕೈಹಿಡಿದರು, ಮತ್ತು ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದರು. ಒಂದು ದಿನ ಟ್ರಾಮ್ ಗಾಡಿಯಲ್ಲಿ ಹೋಗುತ್ತಿದ್ದಾಗ ಬೌಬಜಾರ್ ರಸ್ತೆಯ ೨೧೦ನೆಯ ನಂಬರಿನ ಕಟ್ಟಡದ ಮೇಲೊಂದು ನಾಮಫಲಕವು ಅವರ ಕಣ್ಣಿಗೆ ಬಿದ್ದಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ೧೮೭೬ರಲ್ಲಿ ದಾನಿಗಳಿಂದ ಹಣ ಕೂಡಿಸಿ ವಿಜ್ಞಾನದ ಬೆಳವಣಿಗೆಗಾಗಿಯೇ ಕಟ್ಟಿದ ಸಂಸ್ಥೆ ಅದು. ಕಟ್ಟಡವಿತ್ತು, ಉಪಕರಣಗಳಿದ್ದವು, ಕೆಲಸ ಮಾಡುವವರು ವಿರಳವಾಗಿದ್ದರು. ರಾಮನ್ನರು ಕಚೇರಿಗೆ ಹೋಗುವ ಮುನ್ನ ಬೆಳಗಿನಲ್ಲಿಯೂ ಕಚೇರಿ ಮುಗಿದ ಮೇಲೆ ರಾತ್ರಿಯವರೆಗೂ ಅಲ್ಲಿ ಪ್ರಯೋಗಗಳಲ್ಲಿ ನಿರತರಾದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದರೂ ೧೯೧೧ರಲ್ಲಿ ಮತ್ತೆ ಅಲ್ಲಿಗೇ ಬಂದು ಸೇರಿದರು.

ಈ ಹತ್ತು ವರ್ಷಗಳ ಅವಧಿಯಲ್ಲಿ ಅವರು ಎರಡು ಅಭ್ಯಾಸಗಳನ್ನು ಬೆಳೆಸಿಕೊಂಡರು. ಮಾಡಿದ ಪ್ರತಿಯೊಂದು ಕೆಲಸವನ್ನೂ ಕೂಡಲೇ ಬರೆದು ಪ್ರಕಟಿಸುವುದು ಒಂದು. ಆ ಸಂಸ್ಥೆಯ ಸಭಾಂಗಣದಲ್ಲಿ ಸಾಮಾನ್ಯ ಜನರ ಮುಂದೆ ಪ್ರಯೋಗಗಳನ್ನು ತೋರಿಸುತ್ತ ಉಪನ್ಯಾಸ ಮಾಡುವುದು ಇನ್ನೊಂದು. ಅಲ್ಲಿ ಅವರಿಗೆ ಸಹಾಯಕರಾಗಿದ್ದ ಆಶುತೋಷ್ ಡೇ ಎಂಬವರು ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲ. ಅಂತಹವರ ಹೆಸರನ್ನೂ ರಾಮನ್ನರು ತಮ್ಮ ಹೆಸರಿನ ಜೊತೆಯಲ್ಲಿ ಲೇಖನಗಳಲ್ಲಿ ಅಚ್ಚುಹಾಕಿಸಿದರು. ನೀರಿಗೆ ಬಿದ್ದ ವಸ್ತುವಿನ ಸದ್ದು, ಪಿಟೀಲಿನ ತಂತಿಯ ಕಂಪನ, ಮೃದಂಗ ತಬಲಗಳ ನಾದ ಮುಂತಾದ, ಎಲ್ಲರೂ ಕೇಳಿ ಯಾರೂ ವಿಚಾರಿಸದ ವಿಷಯಗಳು ಆ ಲೇಖನಗಳ ವಸ್ತುಗಳಾಗಿದ್ದವು. ಮೃದಂಗದ ನಡುವೆ ಹಚ್ಚುವ ಕರಣೆಯ ಕಾರಣದಿಂದಲೇ ಅದರ ನಾದವು ಬೇರೆ ಚರ್ಮವಾದ್ಯಗಳಂತಿರದೆ ತಂತಿವಾದ್ಯದ ಶ್ರುತಿಮಾಧುರ್ಯವನ್ನು ಪಡೆಯುತ್ತದೆಂಬುದನ್ನು ವಿಜ್ಞಾನದ ಭಾಷೆಯಲ್ಲಿ ಜಗತ್ತಿಗೆ ತಿಳಿಯಹೇಳಿದವರು ಅವರೇ. ೧೯೨೭ರಲ್ಲಿ ಜರ್ಮನಿಯವರು ಭೌತಶಾಸ್ತ್ರದ ಬೃಹತ್ಕೋಶವೊಂದನ್ನು ಹೊರತರುತ್ತಿದ್ದಾಗ ಸಂಗೀತವಾದ್ಯಗಳ ಅಧ್ಯಾಯವನ್ನು ಬರೆಯಲು ರಾಮನ್ನರಿಗೇ ಆಹ್ವಾನವು ಬಂದಿತು.

ಅಭ್ಯಾಸದ ಫಲವು ಬೇಗನೆ ಕಾಣಿಸಿತು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಏರ್ಪಟ್ಟ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಸರ್ ಆಶುತೋಷ್ ಮುಖರ್ಜಿಯವರು ಆರಿಸಿಕೊಂಡುದು ಹಣಕಾಸಿನ ಇಲಾಖೆಯ ಈ ಅಧಿಕಾರಿಯನ್ನು. ಪೀಠವನ್ನು ಅಲಂಕರಿಸುವವನು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಬಂಧನೆಯಿತ್ತು. ರಾಮನ್ನರು ಅದಕ್ಕೆ ಒಪ್ಪಲಿಲ್ಲ. ನಿಬಂಧನೆಯೇ ಅವರಿಗಾಗಿ ಸಡಿಲಾಯಿತು. ೧೯೧೭ರಲ್ಲಿ ಅವರು ಹೆಚ್ಚಿನ ಸಂಬಳದ ಸರಕಾರಿ ಹುದ್ದೆಯನ್ನು ತ್ಯಜಿಸಿ ಕಡಿಮೆ ಸಂಬಳದ ಪ್ರಾಧ್ಯಾಪಕತ್ವವನ್ನು ಸ್ವೀಕರಿಸಿದರು. ಯಾವ ದೊಡ್ಡವರ ಶಿಫಾರಸೂ ಇಲ್ಲದ, ವಿದೇಶದ ಪದವಿಯೂ ಇಲ್ಲದ ಒಬ್ಬ ಗುಮಾಸ್ತೆವರ್ಗದ ಅಧಿಕಾರಿಯ ಯೋಗ್ಯತೆಯು ವಿಶ್ವವಿದ್ಯಾಲಯಕ್ಕೆ ತಿಳಿದುದು ಹೇಗೆ? ಅಚ್ಚಾದ ಲೇಖನಗಳಿಂದ ಮತ್ತು ಸಭೆಯಲ್ಲಿ ಆಡಿದ ಮಾತುಗಳಿಂದ.

೧೯೨೧ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋಗಿದ್ದ ರಾಮನ್ನರು ನಾರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯು ಅವರ ಮನಸ್ಸನ್ನು ಸೆರೆಹಿಡಿಯಿತು. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೆಂದು ಲಾರ್ಡ್ ರೇಲೆಯವರು ಹೇಳಿದ್ದರು. ರಾಮನ್ನರ ಬಳಿಯಲ್ಲಿದ್ದುದು ನಿಕಲ್ ಪಟ್ಟಕವೆಂಬ ಚಿಕ್ಕ ಸಾಧನ. ಅದರ ಮೂಲಕ ಪ್ರತಿಬಿಂಬಿತವಾದ ಬೆಳಕನ್ನು ತಡೆದು ನೋಡಿದಾಗಲೂ ನೀಲಿಯು ಅಳಿಯಲಿಲ್ಲ. ಬದಲಾಗಿ ಇನ್ನೂ ಶುದ್ಧವಾಗಿ ಕಾಣಿಸಿತು. ನೀರಿನ ಅಣುಗಳೇ ಬೆಳಕನ್ನು ಚದರಿಸಿ ಈ ಬಣ್ಣವನ್ನು ಉಂಟುಮಾಡುತ್ತವೆಂದು ಅವರು ನಿರ್ಧರಿಸಿದರು. ಅದನ್ನು ಮನೆ ಸೇರಿದ ಮೇಲೆ ಬರೆಯೋಣವೆಂದು ಅವರು ಬಿಡಲಿಲ್ಲ. ಹಡಗಿನಲ್ಲಿಯೇ ಕುಳಿತು ಬರೆದು, ಮುಂಬಯಿಯ ಬಂದರನ್ನು ಮುಟ್ಟಿದೊಡನೆ ಲಂಡನ್ನಿನ ನೇಚರ್ ಪತ್ರಿಕೆಗೆ ಅಂಚೆಗೆ ಹಾಕಿದರು. ಮೂರು ವರ್ಷಗಳಲ್ಲಿ, ೧೯೨೪ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಫೆಲೋ ಆಗಿ ಚುನಾಯಿಸಿತು.

ಚದರುವ ಬೆಳಕಿನ ಬೆನ್ನುಹತ್ತಿ ಅವರೂ ಅವರ ಶಿಷ್ಯರೂ ಏಳು ವರ್ಷ ದುಡಿದರು. ಒಂದೇ ಬಣ್ಣದ ಬೆಳಕನ್ನು ಸ್ವಚ್ಛವಾದ ದ್ರವದ ಮೂಲಕ ಹಾಯಿಸಿದರೆ ಚದರಿದ ಬೆಳಕಿನ ಬಹುಭಾಗವು ಅದೇ ಬಣ್ಣದಲ್ಲಿರುತ್ತದೆ. ಅತ್ಯಲ್ಪವಾದ ಒಂದು ಅಂಶ ಮಾತ್ರ ಅಣುಗಳಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಟ್ಟು ಅಥವಾ ಅವುಗಳಿಂದ ಸ್ವಲ್ಪವನ್ನು ಪಡೆದು ಬಣ್ಣ ಬದಲಿಸಿ ಹೊರಬರುತ್ತದೆ. ಸಂತೆಗೆ ಹೋದವನು ಯಾವ ಅಂಗಡಿಗೆ ಹೋಗಿದ್ದನೆಂಬುದು ಅವನ ಚೀಲದಿಂದ ತಿಳಿಯುವಂತೆ, ಈ ಬದಲಾವಣೆಯ ಪ್ರಮಾಣದಿಂದ ಬೆಳಕು ಯಾವ ಅಣುವನ್ನು ಕಂಡುಬಂದಿತೆಂಬುದು ತಿಳಿಯುತ್ತದೆ. ಇದೇ ರಾಮನ್ ಪರಿಣಾಮ. ಶಿಷ್ಯ ಕೆ. ಎಸ್. ಕೃಷ್ಣನ್ನರ ಜೊತೆಗೂಡಿ ಸುಮಾರು ೬೦ ದ್ರವಗಳನ್ನು ಪರೀಕ್ಷಿಸಿ, ೧೯೨೮ರ ಫೆಬ್ರವರಿ ೨೮ರಂದು ರೋಹಿತದರ್ಶಕದ ಮೂಲಕ ಆ ಬದಲಾದ ಬೆಳಕನ್ನು ಪ್ರತ್ಯೇಕವಾಗಿ ಕಂಡರು.

ಈ ದಿನದ ಹಿಂದುಮುಂದಿನ ಆರು ವಾರಗಳನ್ನು ನಾವು ಕೊಂಚ ನಿಧಾನವಾಗಿ ನೋಡಬೇಕು. ಹೊಸ ಬಗೆಯ ಬೆಳಕಿನ ಸುಳಿವು ಸಿಕ್ಕಿದ ಕೂಡಲೇ, ಫೆಬ್ರವರಿ ೧೬ರಂದೇ, ರಾಮನ್ನರೂ ಕೃಷ್ಣನ್ನರೂ ನೇಚರ್ ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿಯನ್ನು ಬರೆದಿದ್ದರು. ೨೮ರ ದರ್ಶನದ ಮರುದಿನವೇ ವಾರ್ತಾಸಂಸ್ಥೆಯ ಮೂಲಕ ವಿಷಯವನ್ನು ದೇಶಕ್ಕೆ ಸಾರಲಾಯಿತು. ಮಾರ್ಚ್ ೮ರಂದು ನೇಚರ್ ಪತ್ರಿಕೆಗೆ ಮತ್ತೊಂದು ಟಿಪ್ಪಣಿಯು ಹೋಯಿತು. ಮಾರ್ಚ್ ೧೬ರಂದು ರಾಮನ್ನರು ಬೆಂಗಳೂರಿಗೆ ಬಂದು, ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆರಂಭೋತ್ಸವದಲ್ಲಿ, ತಮ್ಮ ಹೊಸ ಶೋಧವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಆ ಉಪನ್ಯಾಸವು ಮಾರ್ಚ್ ೩೧ರಂದೇ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ೧೯೨೬ರಲ್ಲಿ ತಾವೇ ಆರಂಭಿಸಿದ್ದುದು. ಆದ್ದರಿಂದ ಅವರು ಅಚ್ಚಿಗಾಗಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅದರ ಸುಮಾರು ೨೦೦೦ ಬಿಡಿಪ್ರತಿಗಳು ಜರ್ಮನಿ, ಫ್ರಾನ್ಸ್, ರಷ್ಯ, ಕೆನಡ, ಅಮೆರಿಕಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು.

ಇದೇ ಸಮಯದಲ್ಲಿ ಮಾಸ್ಕೋ ನಗರದಲ್ಲಿ ಮ್ಯಾಂಡೆಲ್‌ಷ್ಟಾಮ್ ಮತ್ತು ಲ್ಯಾಂಡ್ಸ್‌ಬರ್ಗ್ ಎಂಬ ಇಬ್ಬರು ಸಮರ್ಥ ವಿಜ್ಞಾನಿಗಳು ಬೆಣಚುಕಲ್ಲಿನ ಸ್ಫಟಿಕದಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಕಂಡುದು ಫೆಬ್ರವರಿ ೨೧ರಂದು, ಅಂದರೆ ರಾಮನ್ನರ ೨೮ಕ್ಕಿಂತ ಒಂದು ವಾರ ಮೊದಲು. ಆದರೆ ಅವರು ಲೇಖನವನ್ನು ಬರೆದು ಕಳುಹಿಸಿದುದು ಮೇ ತಿಂಗಳಿನಲ್ಲಿ. ಅದು ಜರ್ಮನ್ ಪತ್ರಿಕೆಯಲ್ಲಿ ಅಚ್ಚಾದುದು ಜುಲೈ ತಿಂಗಳಿನಲ್ಲಿ. ಅಷ್ಟು ಹೊತ್ತಿಗೆ ರಾಮನ್ನರ ಪ್ರತಿಗಳು ಲೋಕವನ್ನೆಲ್ಲ ಸುತ್ತಿಬಂದಿದ್ದವು. ಅಮೆರಿಕದ ಆರ್. ಡಬ್ಲ್ಯು. ವುಡ್ಡರು ಪ್ರಯೋಗವನ್ನು ತಾವೂ ಮಾಡಿ ನೋಡಿ ನಿಜವೆಂದು ತಂತಿ ಕಳುಹಿಸಿದರು. ಜರ್ಮನಿಯ ಪ್ರಿಂಗ್ಸ್‌ಹೈಮರು ಅದಕ್ಕೆ ರಾಮನ್ನರ ಹೆಸರನ್ನೇ ಇಟ್ಟು ಬರೆದರು.

ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ರೈತನಿಗೆ ಈ ಸಂಗತಿಯನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬು ಹೊಲದಲ್ಲಿಯೇ ದಿನಗಟ್ಟಲೆ ಬಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಬೆಳೆದ ಶ್ರಮವು ಒಂದೇ ಆದರೂ ಹೊತ್ತಿಗೆ ಕಾರ್ಖಾನೆಯ ಗೇಟನ್ನು ಮುಟ್ಟಿಸಿದವನಿಗೂ ಮುಟ್ಟಿಸದವನಿಗೂ ದೊರೆಯುವ ಬೆಲೆ ಒಂದೇ ಅಲ್ಲ. ಮಾಸ್ಕೋದವರ ವಿದ್ಯೆಯು ರಾಮನ್ನರ ವಿದ್ಯೆಗೆ ಕಡಿಮೆಯಾದುದಲ್ಲ. ಅರಿವು ಇಬ್ಬರಿಗೂ ಆಗಿತ್ತು; ಅರುಹುವುದರಲ್ಲಿ ಕಲ್ಕತ್ತೆಯು ಮುಂದಾಯಿತು.

ಆತುರಪಟ್ಟು ಅರೆಬೆಂದ ವಿಷಯವನ್ನು ಹೇಳಬೇಕೆಂಬುದು ಇದರ ತಾತ್ಪರ್ಯವಲ್ಲ. ಏಳು ವರ್ಷಗಳ ಸಿದ್ಧತೆಯಿಲ್ಲದೆ ಆರು ವಾರಗಳ ವೇಗವು ಬರುವುದಿಲ್ಲ. ರಾಮನ್ನರು ಬರೆದುದು ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು. ಯಾವ ಉಪಕರಣದಿಂದ ಏನನ್ನು ಮಾಡಿದರೆ ಏನು ಕಾಣುವುದೆಂಬುದನ್ನು ಓದುಗನು ತಾನೇ ಮಾಡಿನೋಡುವಂತೆ ಅವರು ಹೇಳಿದ್ದರು. ಹಾಗೆ ಹೇಳಿದುದರಿಂದಲೇ ಇತರರು ಮಾಡಿನೋಡಿದರು, ಮಾಡಿನೋಡಿದುದರಿಂದಲೇ ನಂಬಿದರು.

೧೯೨೯ರಲ್ಲಿ ಅವರಿಗೆ ಸರ್ ಪದವಿಯು ಬಂದಿತು. ರುದರ್‌ಫರ್ಡ್, ಬೋರ್ ಮೊದಲಾದ ಮಹಾವಿಜ್ಞಾನಿಗಳು ಅವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಿದರು. ೧೯೩೦ರ ನವೆಂಬರಿನಲ್ಲಿ ಬಹುಮಾನವು ಪ್ರಕಟವಾಗುವ ಮೊದಲೇ, ಜುಲೈ ತಿಂಗಳಿನಲ್ಲಿಯೇ, ಡಿಸೆಂಬರಿಗೆ ಸ್ಟಾಕ್‌ಹೋಮ್ ಮುಟ್ಟುವಂತೆ ಅವರು ಹಡಗಿನ ಟಿಕೆಟುಗಳನ್ನು ಕೊಂಡಿಟ್ಟಿದ್ದರೆಂಬುದು ಪ್ರಸಿದ್ಧವಾದ ಕಥೆ. ವಿಜ್ಞಾನದಲ್ಲಿ ಆ ಬಹುಮಾನವನ್ನು ಪಡೆದ ಏಷ್ಯದವರಲ್ಲಿ ಅವರೇ ಮೊದಲಿಗರು.

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಜುಲೈ ತಿಂಗಳಿನಿಂದ ಅದರ ಮಾಸಿಕ ಪತ್ರಿಕೆಯನ್ನು ಹೊರಡಿಸಿದರು. ನಮ್ಮ ದೇಶದ ತರುಣರು ತಮ್ಮ ಶೋಧಗಳನ್ನು ಅಚ್ಚುಹಾಕಿಸಲು ಲಂಡನ್ನಿನ ಬಾಗಿಲನ್ನು ಕಾಯಬಾರದೆಂಬುದು ಅವರ ಉದ್ದೇಶವಾಗಿತ್ತು.

ಇಲ್ಲಿಯವರೆಗೆ ಬೆಳಕನ್ನೇ ಹೇಳಿದುದಾಯಿತು. ನೆರಳನ್ನು ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾಗುತ್ತದೆ. ಸಭೆಯನ್ನು ಗೆಲ್ಲಬಲ್ಲ ರಾಮನ್ನರು ಸಹೋದ್ಯೋಗಿಗಳ ಮನಸ್ಸನ್ನು ಗೆಲ್ಲುವುದರಲ್ಲಿ ಅಷ್ಟು ಸಮರ್ಥರಾಗಿರಲಿಲ್ಲ. ಅವರ ಮಾತು ಖಡ್ಗದಂತೆ ಹರಿತವಾಗಿತ್ತು. ಒಳ್ಳೆಯ ಉದ್ದೇಶವನ್ನಿಟ್ಟುಕೊಂಡೂ ಎದುರಿನವರನ್ನು ಗಾಯಗೊಳಿಸುತ್ತಿತ್ತು. ಭೌತಶಾಸ್ತ್ರದ ವಿಭಾಗವನ್ನು ಬೆಳೆಸುವ ಭರದಲ್ಲಿ ಉಳಿದ ವಿಭಾಗದವರ ಅಸಮಾಧಾನವು ಹೆಚ್ಚಿತು. ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. ೧೯೩೭ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು ಕೇವಲ ಪ್ರಾಧ್ಯಾಪಕರಾಗಿ ಉಳಿಯಬೇಕಾಯಿತು. ಸ್ಫಟಿಕಗಳೊಳಗಿನ ಪರಮಾಣುಗಳ ಕಂಪನದ ವಿಷಯದಲ್ಲಿ ಜರ್ಮನಿಯ ಮ್ಯಾಕ್ಸ್ ಬಾರ್ನರೊಡನೆ ಅವರಿಗೆ ದೀರ್ಘವಾದ ವಾದವು ನಡೆಯಿತು. ಎದುರು ಪಕ್ಷದ ಯುಕ್ತಿಗೆ ಕಿವಿಗೊಡದೆ ಅವರು ವರ್ಷಗಟ್ಟಲೆ ತಮ್ಮ ಮತವನ್ನೇ ಪ್ರತಿಪಾದಿಸಿದರು. ಕೊನೆಗೆ ವಿದ್ವಲ್ಲೋಕವು ಒಪ್ಪಿದುದು ಬಾರ್ನರ ಮತವನ್ನು.

ಇನ್ನೊಂದು ಪ್ರಸಂಗವನ್ನು ವಿಶೇಷವಾಗಿ ನೆನೆಯಬೇಕು. ೧೯೩೩ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿಯು ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣದಿಂದ ರಾಮನ್ನರು ನಿರಾಕರಿಸಿದರು. ಆಕೆಯು ಹಿಂದಿರುಗಿ ಹೋಗಲಿಲ್ಲ. ನೇರವಾಗಿ ಬಂದು, ತನಗೆ ಸ್ಥಳವೇಕಿಲ್ಲವೆಂದು ಕೇಳಿ, ತನ್ನ ಹಕ್ಕನ್ನು ಧೈರ್ಯವಾಗಿ ಮಂಡಿಸಿದಳು. ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಆಕೆಗೆ ಪ್ರವೇಶವು ದೊರೆಯಿತು. ವರ್ಷ ಕಳೆದ ಮೇಲೆ ಆಕೆಯ ಕೆಲಸವನ್ನು ನೋಡಿ ರಾಮನ್ನರು ತಮ್ಮ ನಿಲುವನ್ನು ಬದಲಿಸಿದರು. ಆ ಬಳಿಕ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದ ಆಕೆಯು ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯನ್ನು ಪಡೆದರು. ಈ ಪ್ರಸಂಗದಲ್ಲಿ ಹೇಳುವ ಕಲೆಯು ಗೆಲುವು ತಂದುದು ರಾಮನ್ನರಿಗಲ್ಲ, ಆ ತರುಣಿಗೆ. ಆದರೆ ಕೇಳಿಸಿಕೊಂಡು ಮನಸ್ಸನ್ನು ತಿದ್ದಿಕೊಂಡುದರಿಂದ ರಾಮನ್ನರ ಘನತೆಯೂ ಉಳಿಯಿತು. ಕೇಳದಿದ್ದ ಸಂದರ್ಭಗಳಲ್ಲಿ ಅವರು ಪದವಿಯನ್ನು ಕಳೆದುಕೊಂಡರು, ವಾದವನ್ನೂ ಸೋತರು. ಹೇಳುವವನಿಗೆ ನಾಲಗೆಯಷ್ಟೇ ಕಿವಿಯೂ ಅವಶ್ಯಕವೆಂಬುದನ್ನು ಅವರ ಜೀವನದ ಎರಡು ಬದಿಗಳೂ ಸಾರುತ್ತವೆ.

೧೯೪೮ರಲ್ಲಿ ನಿವೃತ್ತರಾದ ರಾಮನ್ನರು ಮೈಸೂರಿನ ಮಹಾರಾಜರಿಂದ ಹಿಂದೆ ದೊರೆತಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ತೆರೆದರು. ೧೯೫೪ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿಯು ಸಂದಿತ್ತು. ತಲೆಗೆ ರುಮಾಲು, ಕೈಯಲ್ಲೊಂದು ಹರಳೋ ಹೂವೋ ಹಕ್ಕಿಯ ಗರಿಯೋ ಹಿಡಿದು, ಸಮೀಕರಣಗಳ ಹೊರೆಯಿಲ್ಲದೆ, ನಡುನಡುವೆ ನಗೆಚಾಟಿಕೆಯೊಡನೆ ಅವರು ಮಾತನಾಡತೊಡಗಿದರೆ ಶಾಲೆಯ ಮಕ್ಕಳೂ ವಿದ್ವಾಂಸರೂ ಒಂದೇ ಬಗೆಯಾಗಿ ಮೈಮರೆಯುತ್ತಿದ್ದರು. ಆಕಾಶವಾಣಿಯ ಭಾಷಣಗಳ ಮೂಲಕ ಅವರ ಮಾತು ಮನೆಮನೆಗೂ ಹೋಯಿತು. ಪ್ರತಿವರ್ಷವೂ ಅಕ್ಟೋಬರ್ ೨ರಂದು ಗಾಂಧೀ ಸ್ಮಾರಕ ಉಪನ್ಯಾಸವನ್ನು ಅವರೇ ಮಾಡುತ್ತಿದ್ದರು. ೧೯೭೦ರ ಅಕ್ಟೋಬರಿನಲ್ಲಿ, ಎಂಬತ್ತೆರಡನೆಯ ವರ್ಷ ತುಂಬುವ ಮುನ್ನ, ಕಿವಿಯು ಹೇಗೆ ಕೇಳುತ್ತದೆಂಬ ವಿಷಯವಾಗಿ ಕೊನೆಯ ಉಪನ್ಯಾಸವನ್ನು ಕೊಟ್ಟರು. ನವೆಂಬರ್ ೨೧ರಂದು ದೈವಾಧೀನರಾದರು. ಸಂಸ್ಥೆಯ ತೋಟದಲ್ಲಿಯೇ ಅವರ ಅಂತ್ಯಸಂಸ್ಕಾರವು ನಡೆಯಿತು. ಆ ಸ್ಥಳದಲ್ಲಿ ಸಮಾಧಿಯಿಲ್ಲ, ಒಂದು ಮರವನ್ನು ನೆಟ್ಟಿದ್ದಾರೆ. ೧೯೮೭ರಿಂದ ಫೆಬ್ರವರಿ ೨೮ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ದೇಶವು ಆಚರಿಸುತ್ತಿದೆ.

ರಾಮನ್ನರು ಹೇಳಿದುದೆಲ್ಲ ಇಂಗ್ಲಿಷಿನಲ್ಲಿ; ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಹೊಣೆಯನ್ನು ಬೇರೆಯವರು ಹೊತ್ತರು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ೧೯೧೮ರ ಹೊತ್ತಿಗೇ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ನಮ್ಮ ಸೀಮೆಗಂತೂ ಈ ಕಾರ್ಯವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡ ಪದ್ಯಗಳಲ್ಲಿ ಬರೆದ ಜೈನ ಕವಿ ರಾಜಾದಿತ್ಯನು ಪೂವಿನಬಾಗೆಯವನು. ಆ ಊರೇ ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಸ್ಕೃತದಲ್ಲಿ ಪಂಡಿತರ ಸೊತ್ತಾಗಿದ್ದ ಲೆಕ್ಕವನ್ನು ವ್ಯಾಪಾರಿಯೂ ಒಕ್ಕಲಿಗನೂ ಬಾಯಿಪಾಠ ಮಾಡಬಲ್ಲಂತೆ ಕನ್ನಡಕ್ಕೆ ತಂದ ಆ ಮಹನೀಯನು ನಮ್ಮ ನೆರೆಯವನೆಂಬ ಅಭಿಮಾನವು ನಮ್ಮಲ್ಲಿ ಇರಬೇಕು.

ಇಂದು ಸಂಶೋಧನೆಯ ದಾರಿಯನ್ನು ಹಿಡಿಯುವ ನಮ್ಮ ಮಕ್ಕಳು ಪ್ರಬಂಧವನ್ನು ಬರೆಯಬೇಕು, ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಬೇಕು, ಸಮ್ಮೇಳನಗಳಲ್ಲಿ ಹತ್ತು ನಿಮಿಷದೊಳಗೆ ಹತ್ತು ತಿಂಗಳ ಕೆಲಸವನ್ನು ಹೇಳಬೇಕು, ಧನಸಹಾಯಕ್ಕಾಗಿ ಅರ್ಜಿ ಬರೆದು ವಿಷಯ ತಿಳಿಯದವರಿಗೂ ಅದರ ಉಪಯೋಗವನ್ನು ಮನಗಾಣಿಸಬೇಕು. ಇವುಗಳಲ್ಲಿ ಸೋತವರು ವಿದ್ಯೆಯಿದ್ದೂ ಹಿಂದೆ ಉಳಿಯುತ್ತಾರೆ. ಇದಕ್ಕೆ ಸಿದ್ಧತೆಯು ವಿಶ್ವವಿದ್ಯಾಲಯದಲ್ಲಿ ಆರಂಭವಾಗುವುದಲ್ಲ. ನಮ್ಮ ಏಳನೆಯ ತರಗತಿಯ ಕೋಣೆಯಲ್ಲಿ ಆರಂಭವಾಗಬೇಕು. ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ವಾರದಲ್ಲಿ ಒಂದು ಅವಧಿಯನ್ನು ಮಕ್ಕಳ ಬಾಯಿಗೆ ಬಿಟ್ಟುಕೊಡಿರಿ. ಪ್ರಯೋಗ ಮಾಡಿದ ಹುಡುಗನು ಮಾಡಿದುದನ್ನು ಮೊದಲು ತನ್ನ ಮನೆಮಾತಿನಲ್ಲಿ, ಬಳಿಕ ಇಂಗ್ಲಿಷಿನಲ್ಲಿ, ತರಗತಿಯ ಮುಂದೆ ನಿಂತು ಹೇಳಲಿ; ಕೇಳಿದವರು ಪ್ರಶ್ನಿಸಲಿ; ಅವನು ಕೇಳಿಸಿಕೊಂಡು ಉತ್ತರಿಸಲಿ. ತಡವರಿಸಿದವನನ್ನು ನೋಡಿ ಯಾರೂ ನಗದಿರಲಿ. ದಾನಿಗಳಾದ ಮಹನೀಯರು ಕಟ್ಟಡಕ್ಕೂ ಉಪಕರಣಕ್ಕೂ ಉದಾರವಾಗಿ ಕೊಟ್ಟಿದ್ದೀರಿ. ಕಲ್ಕತ್ತೆಯ ಆ ಸಂಸ್ಥೆಯೂ ದಾನಿಗಳ ಹಣದಿಂದಲೇ ಎದ್ದುದು. ಕಲಿತುದನ್ನು ಚೆನ್ನಾಗಿ ಹೇಳಿದ ಮಗುವಿಗೆ ಪ್ರತಿವರ್ಷ ಫೆಬ್ರವರಿ ೨೮ರಂದು ಒಂದು ಚಿಕ್ಕ ಪದಕವನ್ನೂ ಕೊಡುವಂತಾಗಲಿ. ಹಳೆಯ ವಿದ್ಯಾರ್ಥಿಗಳು ಆ ದಿನ ಬಂದು ಕಿರಿಯರ ಮಾತನ್ನು ಕೇಳಲಿ.

ಅಂದು ಜಾತ್ರೆಗೆ ಬಂದಿದ್ದ ಹಳೆಯ ಶಿಷ್ಯನು ಆ ಬಳಿಕ ಎದೆಗುಂದದೆ ಬೇರೆ ವಿಷಯವನ್ನು ಕೈಗೆತ್ತಿಕೊಂಡನು. ಕಳೆದ ವರ್ಷ ಅವನಿಂದ ಅಂಚೆಯಲ್ಲಿ ಒಂದು ಚಿಕ್ಕ ಲೇಖನವು ನನಗೆ ಬಂದಿತು. ಅದರ ವಿಷಯವು ನನಗೆ ತಿಳಿಯುವಂತಹುದಲ್ಲ. ಆದರೆ ಜೊತೆಯಲ್ಲಿಯೇ ಅದರ ಸಾರವನ್ನು ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ಕಳುಹಿಸಿದ್ದನು. ಅದನ್ನು ನಾನು ಓದಿ ತಿಳಿದುಕೊಂಡೆನು.